ಸ್ವಂತ ಜಮೀನಿನಲ್ಲಿ ಪೊದೆ, ತರಗೆಲೆ ಸುಡಲು ಅನುಮತಿ ಬೇಕೇ? ಬೇಕಾದರೆ ಯಾರಿಂದ?

ತೋಟದಂಚು, ಹೊಸನಗರ ತಾಲ್ಲೂಕು

ಎಲ್ಲರಿಗೂ ನಮಸ್ಕಾರ. ನಮ್ಮ ಅಡಿಕೆ ತೋಟದ ಮೇಲ್ಭಾಗದಲ್ಲಿ ಸುಮಾರು ಎರಡು ಎಕರೆ ಖುಷ್ಕಿ ಜಮೀನಿದೆ. ಪಹಣಿ ನಮ್ಮ ತಂದೆಯವರ ಹೆಸರಿನಲ್ಲಿದೆ. ಬಹಳ ವರ್ಷ ಪಾಳು ಬಿದ್ದಿದ್ದರಿಂದ ಅಲ್ಲಿ ಲಂಟಾನ ಮತ್ತು ಯುಪಟೋರಿಯಂ ಕಳೆಪೊದೆಗಳು ಆಳೆತ್ತರ ಬೆಳೆದಿದ್ದವು. ಕಾಫಿ, ಮೆಣಸು ಹಾಕುವ ಉದ್ದೇಶದಿಂದ ದೀಪಾವಳಿ ಕಳೆದ ಮೇಲೆ ಎಲ್ಲವನ್ನೂ ಸವರಿಸಿ ಅಲ್ಲಲ್ಲಿ ಗುಡ್ಡೆ ಹಾಕಿಸಿದ್ದೇವೆ. ಈಗ ಜನವರಿ ಮುಗಿಯುತ್ತಾ ಬಂದಿದೆ, ಗುಡ್ಡೆಗಳು ಚೆನ್ನಾಗಿ ಒಣಗಿವೆ, ಒಂದು ಸಂಜೆ ಬೆಂಕಿ ಕೊಟ್ಟು ಮುಗಿಸಿಬಿಡೋಣ ಎಂದು ಕೆಲಸದವರು ಹೇಳುತ್ತಿದ್ದಾರೆ.

ನನ್ನ ಅಳುಕು ಏನೆಂದರೆ, ಜಮೀನಿನ ಮೇಲುಗಡೆಯ ಗಡಿಗೆ ತಾಗಿಕೊಂಡೇ ಅರಣ್ಯ ಇಲಾಖೆಯ ಅಗಳ (ಕಂದಕ) ಇದೆ, ಅದರಾಚೆ ಕಾಡು. ಗ್ರಾಮ ಪಂಚಾಯಿತಿಯಲ್ಲಿ ವಿಚಾರಿಸಿದರೆ ಇಂಥದ್ದಕ್ಕೆ ಅರ್ಜಿ ನಮೂನೆಯೇ ಇಲ್ಲ ಎಂದರು. ತಾಲ್ಲೂಕು ಕಚೇರಿಯವರು ಅರಣ್ಯದವರ ಕಡೆ ಕೈ ತೋರಿಸಿದರು. ದಾರಿಯಲ್ಲಿ ಸಿಕ್ಕ ಗಾರ್ಡ್ ನಿಮ್ಮ ಜಾಗ, ನಮ್ಮ ಕಡೆ ಬರದಂತೆ ನೋಡಿಕೊಳ್ಳಿ ಎಂದು ಬಾಯಿಮಾತಿನಲ್ಲಿ ಹೇಳಿ ಹೋದರು. ಇದನ್ನು ಅನುಮತಿ ಎಂದು ತಿಳಿದುಕೊಳ್ಳಬಹುದೇ? ಲಿಖಿತವಾಗಿ ಏನಾದರೂ ಪಡೆಯಬೇಕಾದರೆ ಯಾವ ಕಚೇರಿಗೆ ಹೋಗಬೇಕು? ತಿಳಿದವರು ದಯವಿಟ್ಟು ತಿಳಿಸಿಕೊಡಬೇಕಾಗಿ ವಿನಂತಿ.

ಹಳೇ ಶ್ಯಾನುಭೋಗ

ಬೆಂಕಿಯ ಮಾತು ಆಮೇಲೆ ಇರಲಿ, ಮೊದಲು ಗಡಿಯನ್ನು ಖಚಿತಪಡಿಸಿಕೊಳ್ಳಿ. ಪಹಣಿಯ 9ನೇ ಕಾಲಂನಲ್ಲಿ ತಂದೆಯವರ ಹೆಸರು ಇರುವುದು ಸರಿ, ಆದರೆ ಸವರಿಸಿದ ಜಾಗವೆಲ್ಲವೂ ಆ ಸರ್ವೆ ನಂಬರಿನ ಒಳಗೇ ಇದೆಯೇ ಎಂಬುದನ್ನು ಪಹಣಿ ಹೇಳುವುದಿಲ್ಲ, ನಕ್ಷೆ ಹೇಳುತ್ತದೆ. ಅಗಳವೇ ಗಡಿ ಎಂದು ನಂಬಿಕೊಂಡವರು ಮಲೆನಾಡಿನಲ್ಲಿ ಬಹಳ ಜನ. ಇಲಾಖೆಯವರು ತೋಡಿದ ಅಗಳ ಎಷ್ಟೋ ಕಡೆ ಗಡಿಯಿಂದ ಒಳಗೋ ಹೊರಗೋ ಇರುತ್ತದೆ. ಸಂಶಯವಿದ್ದರೆ ಹದ್ದುಬಸ್ತಿಗೆ, ಅಂದರೆ ಸರ್ವೆಯವರಿಂದ ಗಡಿ ಅಳೆದು ಗುರುತು ಮಾಡಿಸುವುದಕ್ಕೆ, ಅರ್ಜಿ ಹಾಕಿ. ಅದಕ್ಕೆ ಸಮಯ ಹಿಡಿಯುತ್ತದೆ ಎಂಬುದೂ ನಿಜ. ಅಷ್ಟರವರೆಗೆ ಮೇಲುಗಡೆಯ ಅಂಚಿನ ಗುಡ್ಡೆಗಳಿಗೆ ಕೈ ಹಾಕದಿರುವುದು ಕ್ಷೇಮ.

ಕರಿಕೋಟು, ಶಿವಮೊಗ್ಗ

ಖಾಸಗಿ ಜಮೀನಿನಲ್ಲಿ ಪೊದೆ ಸುಡಲೆಂದೇ ಒಂದು ಕಚೇರಿ ಕೊಡುವ ಪರವಾನಗಿ ಪತ್ರವನ್ನು ನಾನು ನನ್ನ ವಕೀಲಿ ವೃತ್ತಿಯಲ್ಲಿ ಕಂಡಿಲ್ಲ. ನಮ್ಮಲ್ಲಿ ವ್ಯವಸ್ಥೆ ಬೇರೆ ರೀತಿಯದು. ಬೆಂಕಿ ಹಾಕುವುದಕ್ಕೆ ಮುಂಚೆ ಕೇಳುವವರು ಕಡಿಮೆ, ಬೆಂಕಿ ಕೈ ಮೀರಿದ ಮೇಲೆ ಕೇಳುವ ಕಾನೂನುಗಳು ಹಲವು. ಪಂಚಾಯಿತಿಯಲ್ಲಿ ನಮೂನೆ ಇಲ್ಲದಿರುವುದನ್ನೇ ಒಪ್ಪಿಗೆ ಎಂದು ತಿಳಿದವರು ಆಮೇಲೆ ನಮ್ಮಂಥವರ ಬಳಿ ಕಡತ ಹಿಡಿದುಕೊಂಡು ಬರುತ್ತಾರೆ.

ನಿಮಗೆ ಹೆಚ್ಚು ಅನ್ವಯಿಸುವುದು ಕರ್ನಾಟಕ ಅರಣ್ಯ ಅಧಿನಿಯಮ, 1963. ಅದರ 24ನೇ ಪ್ರಕರಣ ಮೀಸಲು ಅರಣ್ಯಕ್ಕೆ ಬೆಂಕಿ ಇಡುವುದನ್ನು ಮಾತ್ರವಲ್ಲದೆ, ಅರಣ್ಯಕ್ಕೆ ಅಪಾಯ ತರುವಂಥ ರೀತಿಯಲ್ಲಿ ಬೆಂಕಿ ಹೊತ್ತಿಸುವುದನ್ನೂ, ಹೊತ್ತಿಸಿದ್ದನ್ನು ಆರಿಸದೆ ಬಿಟ್ಟುಹೋಗುವುದನ್ನೂ ನಿಷೇಧಿಸುತ್ತದೆ. ಕಡ್ಡಿ ಗೀರಿದ್ದು ನನ್ನ ಪಹಣಿಯ ಜಾಗದಲ್ಲಿ ಎಂಬ ವಾದ ಇಲ್ಲಿ ಹೆಚ್ಚು ದೂರ ಸಾಗುವುದಿಲ್ಲ, ಏಕೆಂದರೆ ಕಿಡಿ ಎಲ್ಲಿ ಹುಟ್ಟಿತು ಎನ್ನುವುದಕ್ಕಿಂತ ಅಪಾಯ ಯಾವುದಕ್ಕೆ ಬಂತು ಎಂಬುದನ್ನು ನೋಡಲಾಗುತ್ತದೆ. ಅಗಳದಾಚೆ ಇರುವುದು ವನ್ಯಜೀವಿಧಾಮವಾಗಿದ್ದರೆ ವನ್ಯಜೀವಿ ಸಂರಕ್ಷಣಾ ಕಾಯ್ದೆ, 1972ರ 30ನೇ ಪ್ರಕರಣವೂ ಸೇರಿಕೊಳ್ಳುತ್ತದೆ. ಕಾಡು ಯಾವ ವರ್ಗದ್ದು ಎಂಬುದನ್ನು ವಲಯ ಕಚೇರಿಯಲ್ಲಿ ಕೇಳಿ ತಿಳಿದುಕೊಳ್ಳಿ.

ಇನ್ನು ಅಕ್ಕಪಕ್ಕದವರ ವಿಚಾರ. ಬೆಂಕಿಯನ್ನು ದುಡುಕಿನಿಂದ ಅಥವಾ ನಿರ್ಲಕ್ಷ್ಯದಿಂದ ಬಳಸಿ ಬೇರೆಯವರ ಜೀವಕ್ಕೆ ಅಪಾಯ ತಂದರೆ ಭಾರತೀಯ ನ್ಯಾಯ ಸಂಹಿತೆಯ 287ನೇ ಕಲಂ ಪ್ರಕಾರ 6 ತಿಂಗಳವರೆಗೆ ಸೆರೆವಾಸ, 2,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ ಆಗಬಹುದು. 2024ರ ಜುಲೈ 1ಕ್ಕೆ ಮುಂಚೆ ಇದೇ ವಿಷಯ ಹಳೆಯ ಭಾರತೀಯ ದಂಡ ಸಂಹಿತೆಯ 285ನೇ ಕಲಂನಲ್ಲಿತ್ತು. ದಂಡದ ಮೊತ್ತ ಕಡಿಮೆ ಎಂದು ಸಮಾಧಾನಪಟ್ಟುಕೊಳ್ಳುವ ಹಾಗಿಲ್ಲ. ನಿಜವಾದ ಹೊರೆ ಬರುವುದು ಸಿವಿಲ್ ನ್ಯಾಯಾಲಯದಲ್ಲಿ. ಸಕ್ಕರೆ ಕಾರ್ಖಾನೆಯೊಂದರ ಕಾಕಂಬಿ (ಮೊಲಾಸಿಸ್) ಒಡ್ಡು ಒಡೆದು ಪಕ್ಕದ ಹೊಲಕ್ಕೆ ನುಗ್ಗಿದ ಪ್ರಕರಣದಲ್ಲಿ, ಅಪಾಯಕಾರಿ ವಸ್ತುವನ್ನು ತನ್ನ ಜಾಗದಲ್ಲಿ ಇಟ್ಟುಕೊಂಡವನು ಅದು ಹೊರಗೆ ನುಗ್ಗಿದರೆ ಹೊಣೆಗಾರನಾಗುತ್ತಾನೆ ಎಂಬ ತತ್ವವನ್ನು ಕರ್ನಾಟಕ ಹೈಕೋರ್ಟು ಒಪ್ಪಿದೆ. ಆ ತೀರ್ಪು 1987ರಲ್ಲಿ ವರದಿಯಾಗಿದೆ. ಕಾಕಂಬಿಗೆ ಹೇಳಿದ ಮಾತನ್ನು ಬೆಂಕಿಗೆ ಹೇಳಿಸುವುದು ಎದುರು ಪಕ್ಷದ ವಕೀಲರಿಗೆ ಕಷ್ಟವಾಗುವುದಿಲ್ಲ. ಫಸಲು ಬರುತ್ತಿರುವ ನೂರು ಅಡಿಕೆ ಮರದ ಬೆಲೆಯನ್ನು ನೀವೇ ಲೆಕ್ಕ ಹಾಕಿಕೊಳ್ಳಿ.

ಗಾರ್ಡ್ ಹೇಳಿದ ಮಾತು ಅನುಮತಿಯಲ್ಲ. ನಾಳೆ ಅವರಿಗೆ ವರ್ಗವಾದರೆ ಆ ಮಾತಿಗೆ ಸಾಕ್ಷಿಯೂ ಉಳಿಯುವುದಿಲ್ಲ.

ನಾಲ್ಕನೇ ಅಡ್ಡರಸ್ತೆ, ಬೆಂಗಳೂರು

ಹಳ್ಳಿಯ ಮಾತು ಹಾಗಿರಲಿ, ನಗರದ ಸ್ಥಿತಿಯೂ ಇದಕ್ಕಿಂತ ಭಿನ್ನವಾಗಿಲ್ಲ. ನಮ್ಮ ಮನೆಯ ಪಕ್ಕದ ಖಾಲಿ ನಿವೇಶನದ ಮಾಲೀಕರು ಪ್ರತಿ ವರ್ಷ ಎಲೆ ಉದುರುವ ಕಾಲದಲ್ಲಿ ಎಲ್ಲವನ್ನೂ ಒಟ್ಟುಗೂಡಿಸಿ ಸುಡಿಸುತ್ತಾರೆ. ಅದರ ಜೊತೆಗೆ ರಸ್ತೆಯವರು ಎಸೆದ ಪ್ಲಾಸ್ಟಿಕ್ ಚೀಲಗಳೂ ಉರಿಯುತ್ತವೆ. ನಮ್ಮ ತಾಯಿಯವರಿಗೆ ಅಸ್ತಮಾ ಇದೆ, ಆ ಎರಡು ಮೂರು ದಿನ ಕಿಟಕಿ ತೆರೆಯುವಂತಿಲ್ಲ. ಆಕ್ಷೇಪಿಸಿದಾಗ ಅವರು ಆಗ ಜಾರಿಯಲ್ಲಿದ್ದ 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರತಿಯನ್ನೇ ತಂದು ತೋರಿಸಿದರು. ಅಲ್ಲಿ ತ್ಯಾಜ್ಯವನ್ನು ಬೀದಿಯಲ್ಲಿ, ತನ್ನ ಆವರಣದ ಹೊರಗಿನ ಸಾರ್ವಜನಿಕ ಜಾಗದಲ್ಲಿ, ಚರಂಡಿಯಲ್ಲಿ ಅಥವಾ ಜಲಮೂಲದಲ್ಲಿ ಎಸೆಯಬಾರದು, ಸುಡಬಾರದು, ಹೂಳಬಾರದು ಎಂದಿತ್ತಂತೆ. ಹೊರಗೆ ಎಂದು ಬರೆದಿರುವುದರಿಂದ ನನ್ನ ಆವರಣದ ಒಳಗೆ ಸುಡಬಹುದು ಎಂಬುದು ಅವರ ವಾದ. ಓದಿದರೆ ಹಾಗೆಯೇ ಕಾಣುತ್ತದೆ. ವಕೀಲರು ಏನು ಹೇಳುತ್ತೀರಿ, ಸರ್?

ಕರಿಕೋಟು, ಶಿವಮೊಗ್ಗ

ನಿಮ್ಮ ನೆರೆಯವರು ನಿಯಮವನ್ನು ಸರಿಯಾಗಿಯೇ ಓದಿದ್ದಾರೆ. ಆದರೆ ಅವರ ಓದು 4ನೇ ನಿಯಮದ 2ನೇ ಉಪನಿಯಮಕ್ಕೇ ನಿಂತುಹೋಗಿದೆ. ಅದೇ 2016ರ ಡಿಸೆಂಬರ್ 22ರಂದು ಪರಿಸರ ಹೋರಾಟಗಾರ್ತಿ ಅಲ್ಮಿತ್ರಾ ಪಟೇಲ್ ಅವರ ಪ್ರಕರಣದಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ನೀಡಿದ ಆದೇಶ, ಕಸ ಸುರಿಯುವ ಭರ್ತಿ ತಾಣಗಳೂ ಸೇರಿದಂತೆ ಯಾವುದೇ ಜಮೀನಿನ ಮೇಲೆ ತ್ಯಾಜ್ಯವನ್ನು ಬಯಲಿನಲ್ಲಿ ಸುಡುವುದನ್ನು ಸಂಪೂರ್ಣವಾಗಿ ನಿಷೇಧಿಸಿತು. ಅಲ್ಲಿ ಒಳಗೆ, ಹೊರಗೆ ಎಂಬ ಭೇದವಿಲ್ಲ. ಸಾಮಾನ್ಯವಾಗಿ ಸುಟ್ಟರೆ 5,000 ರೂಪಾಯಿ, ದೊಡ್ಡ ಪ್ರಮಾಣದಲ್ಲಿ ಸುಟ್ಟರೆ 25,000 ರೂಪಾಯಿ ಪರಿಸರ ಪರಿಹಾರ ವಿಧಿಸಬೇಕು, ಅದನ್ನು ಭೂಕಂದಾಯ ಬಾಕಿಯಂತೆ ವಸೂಲಿ ಮಾಡಬೇಕು ಎಂದೂ ಹೇಳಿದೆ. ಭೂಕಂದಾಯ ಬಾಕಿ ಎಂದರೆ ಏನಾಗುತ್ತದೆ ಎಂಬುದನ್ನು ನಮ್ಮ ಶ್ಯಾನುಭೋಗರು ನನಗಿಂತ ಚೆನ್ನಾಗಿ ವಿವರಿಸಬಲ್ಲರು. ಇದರ ಮೇಲೆ ನಗರ ಪಾಲಿಕೆಯ ಉಪವಿಧಿಗಳು ಇದ್ದೇ ಇವೆ. ಬೆಂಗಳೂರಿನ ಘನತ್ಯಾಜ್ಯ ಉಪವಿಧಿಗಳು 2020ರಲ್ಲಿ ಬಂದವು.

ಹೊಗೆ ಮನೆಯೊಳಗೆ ಬಂದು ಆರೋಗ್ಯ ಕೆಡುತ್ತಿದ್ದರೆ, ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 152ನೇ ಕಲಂ ಪ್ರಕಾರ ಕಾರ್ಯನಿರ್ವಾಹಕ ದಂಡಾಧಿಕಾರಿಯ ಮುಂದೆ ಸಾರ್ವಜನಿಕ ಉಪದ್ರವದ ದೂರು ಕೊಡುವ ದಾರಿಯೂ ಉಂಟು. ಹಳೆಯವರು ಇದನ್ನು ಹಿಂದಿನ ದಂಡ ಪ್ರಕ್ರಿಯಾ ಸಂಹಿತೆಯ 133 ಎಂದು ನೆನಪಿಟ್ಟುಕೊಂಡಿರುತ್ತಾರೆ. ಹೊಗೆಯ ಫೋಟೋಗಳನ್ನು ದಿನಾಂಕ ಕಾಣುವಂತೆ ತೆಗೆದಿಡಿ.

ಹಳೇ ಶ್ಯಾನುಭೋಗ

ಬಾಕಿ ತೀರಿಸದಿದ್ದರೆ ಪಹಣಿಯಲ್ಲಿ ಋಣಭಾರ ಬರೆಯುವ 11ನೇ ಕಾಲಂನಲ್ಲಿ ನಮೂದಾಗುವ ಸಂಭವವಿದೆ. ಆಮೇಲೆ ಬ್ಯಾಂಕಿನವರು ಬೆಳೆಸಾಲ ಕೊಡುವಾಗ ಕೇಳುತ್ತಾರೆ. ಅಷ್ಟು ಹೇಳಿದರೆ ಸಾಕಲ್ಲವೇ.

ರವದಿ, ಮುಧೋಳ

ಹಾಗಾದರೆ ನಮ್ಮ ಕಬ್ಬಿನ ರವದಿಯ (ಒಣಗಿದ ಎಲೆಯ) ಗತಿ ಏನು? ಕಬ್ಬು ಕಟಾವಾದ ಮೇಲೆ ಹೊಲದ ತುಂಬ ಮೊಣಕಾಲುದ್ದ ರವದಿ ಬಿದ್ದಿರುತ್ತದೆ, ಕೂಳೆ ಬೆಳೆಗೆ ನೀರು ಹಾಯಿಸಬೇಕು, ಆಳು ಸಿಗುವುದಿಲ್ಲ. ನಮ್ಮ ಭಾಗದಲ್ಲಿ ತಲೆತಲಾಂತರದಿಂದ ಸುಡುತ್ತಾ ಬಂದಿದ್ದಾರೆ. ಈಗ ವಾಟ್ಸ್‌ಆ್ಯಪಿನಲ್ಲಿ ಒಂದು ಸಂದೇಶ ಓಡಾಡುತ್ತಿದೆ: ಬೆಳೆ ಶೇಷ ಸುಟ್ಟರೆ ಎರಡು ಎಕರೆಗಿಂತ ಕಡಿಮೆ ಇರುವವರಿಗೆ 5,000, ಐದು ಎಕರೆಗಿಂತ ಕಡಿಮೆ ಇರುವವರಿಗೆ 10,000, ಅದಕ್ಕೂ ಹೆಚ್ಚಿನವರಿಗೆ 30,000 ರೂಪಾಯಿ ದಂಡವಂತೆ. ಒಂದು ಎಕರೆ ಕಬ್ಬಿನಲ್ಲಿ ಎಲ್ಲ ಖರ್ಚು ಕಳೆದು ಕೈಗೆ ಎಷ್ಟು ಉಳಿಯುತ್ತದೆ ಎಂಬುದನ್ನು ಈ ನಿಯಮ ಮಾಡುವವರು ಬಂದು ನೋಡಬೇಕು.

ಕರಿಕೋಟು, ಶಿವಮೊಗ್ಗ

ಆ ಮೊತ್ತಗಳು ಸುಳ್ಳಲ್ಲ, ಆದರೆ ಅವು ನಮ್ಮ ರಾಜ್ಯದವಲ್ಲ. ದೆಹಲಿಯ ಗಾಳಿಯ ವಿಷಯದಲ್ಲಿ ಪಂಜಾಬ್, ಹರಿಯಾಣ ಮೊದಲಾದ ಕಡೆಯ ಭತ್ತದ ಕೂಳೆ ಸುಡುವುದಕ್ಕೆ 2015ರಲ್ಲಿ ಹಸಿರು ನ್ಯಾಯಮಂಡಳಿ ಹಾಕಿದ ಪರಿಹಾರದ ದರವನ್ನು 2024ರ ನವೆಂಬರಿನಲ್ಲಿ ಕೇಂದ್ರ ಸರ್ಕಾರ ದುಪ್ಪಟ್ಟು ಮಾಡಿತು. ಅದು ರಾಜಧಾನಿ ಪ್ರದೇಶಕ್ಕೂ ಅದರ ಸುತ್ತಲಿನ ಪ್ರದೇಶಗಳಿಗೂ ಸಂಬಂಧಿಸಿದ್ದು. ಮುಧೋಳದ ರೈತರಿಗೆ ಅದನ್ನು ತೋರಿಸಿ ಹೆದರಿಸುವುದು ತಪ್ಪು.

ಇಲ್ಲಿ ನೆನಪಿಡಬೇಕಾದ ಕಾನೂನು 1981ರ ವಾಯು ಮಾಲಿನ್ಯ ಕಾಯ್ದೆ. ಅದರ 19ನೇ ಪ್ರಕರಣದ 5ನೇ ಉಪಪ್ರಕರಣದ ಪ್ರಕಾರ, ಮಾಲಿನ್ಯ ನಿಯಂತ್ರಣ ಪ್ರದೇಶವೆಂದು ಘೋಷಿಸಿದ ಕಡೆ, ಇಂಧನವಲ್ಲದ ಯಾವುದೇ ವಸ್ತುವನ್ನು ಸುಡುವುದನ್ನು ರಾಜ್ಯ ಸರ್ಕಾರ ಮಾಲಿನ್ಯ ನಿಯಂತ್ರಣ ಮಂಡಳಿಯೊಡನೆ ಸಮಾಲೋಚಿಸಿ ಅಧಿಸೂಚನೆಯ ಮೂಲಕ ನಿಷೇಧಿಸಬಹುದು. ಇಂಧನವಲ್ಲದ ಎಂಬ ಮಾತು ಇರುವುದರಿಂದಲೇ ಅಡಿಕೆ ಬೇಯಿಸುವ ಒಲೆಗೂ ಆಲೆಮನೆಯ ಒಲೆಗೂ ಈ ಉಪಪ್ರಕರಣ ಬರುವುದಿಲ್ಲ. ಬಯಲಿನಲ್ಲಿ ಸುಮ್ಮನೆ ಉರಿಸುವ ಸಿಪ್ಪೆ, ರವದಿ ಬರಬಹುದು. ನಿಮ್ಮ ತಾಲ್ಲೂಕಿಗೆ ಅಂಥ ಅಧಿಸೂಚನೆ ಇದೆಯೇ ಎಂಬುದನ್ನು ಜಿಲ್ಲೆಯ ಮಾಲಿನ್ಯ ನಿಯಂತ್ರಣ ಮಂಡಳಿಯ ಕಚೇರಿಯಲ್ಲಿ ಕೇಳಬಹುದು.

ರವದಿ, ಮುಧೋಳ

ತಿಳಿಸಿದ್ದಕ್ಕೆ ಧನ್ಯವಾದ. ಸುಡದೆ ಸಾಲು ಬಿಟ್ಟು ಸಾಲಿಗೆ ರವದಿ ಹರಡಿದವರೂ ನಮ್ಮಲ್ಲಿ ಇದ್ದಾರೆ. ನೀರು ಉಳಿಯುತ್ತದೆ, ಕಳೆ ಕಡಿಮೆ ಎನ್ನುತ್ತಾರೆ. ಇಲಿ ಕಾಟ ಹೆಚ್ಚು ಎಂದೂ ಅವರೇ ಹೇಳುತ್ತಾರೆ. ನಮ್ಮ ಊರಿನಲ್ಲಿ ಹೋದ ಬೇಸಿಗೆಯಲ್ಲಿ ಒಬ್ಬರು ಹಚ್ಚಿದ ರವದಿಯ ಬೆಂಕಿ ಬದು ದಾಟಿ, ಕಟಾವಿಗೆ ಬಂದಿದ್ದ ಪಕ್ಕದವರ ಕಬ್ಬಿಗೆ ಹತ್ತಿತು. ಸುಟ್ಟ ಕಬ್ಬನ್ನು ತಡ ಮಾಡದೆ ಕಡಿದು ಸಾಗಿಸದಿದ್ದರೆ ತೂಕವೂ ಇಳಿಯುತ್ತದೆ, ಇಳುವರಿಯೂ ಇಳಿಯುತ್ತದೆ. ಕಾರ್ಖಾನೆಯವರು ಸುಟ್ಟ ಕಬ್ಬೆಂದು ದರ ಮುರಿದರು. ಊರ ಹಿರಿಯರು ಕುಳಿತು ಬಗೆಹರಿಸಿದರೂ ಆ ಎರಡು ಮನೆಯವರ ನಡುವೆ ಇಂದಿಗೂ ಮಾತಿಲ್ಲ.

ದರಕು, ಶಿರಸಿ

ಸ್ವಂತ ಜಾಗ ಎಂಬ ಮಾತಿಗೆ ನಮ್ಮ ಜಿಲ್ಲೆಯಲ್ಲಿ ಇನ್ನೊಂದು ತೊಡಕು ಇದೆ. ತೋಟಕ್ಕೆ ಸೇರಿದ ಸೊಪ್ಪಿನ ಬೆಟ್ಟವನ್ನು ನಾವೆಲ್ಲ ನಮ್ಮ ಬೆಟ್ಟ ಎಂದೇ ಕರೆಯುತ್ತೇವೆ, ಸೊಪ್ಪು ಕಡಿಯುತ್ತೇವೆ, ದರಕು (ತರಗೆಲೆ) ಗುಡಿಸುತ್ತೇವೆ, ಬೇಲಿಯನ್ನೂ ಹಾಕಿದ್ದೇವೆ. ಆದರೆ ಅದು ಅನುಭೋಗದ ಸೌಲಭ್ಯವೇ ಹೊರತು ಮಾಲ್ಕಿ ಅಲ್ಲ, ಕಾನೂನಿನ ಕಣ್ಣಿಗೆ ಅದು ಅರಣ್ಯ. ಹಾಗಾಗಿ ಬೆಟ್ಟದ ಕರಡ (ಹುಲ್ಲು) ಒಣಗಿದೆ, ಹೊಸ ಹುಲ್ಲು ಚೆನ್ನಾಗಿ ಚಿಗುರಲಿ ಎಂದು ಬೆಂಕಿ ಕೊಟ್ಟವರು ತಮ್ಮ ಜಾಗದಲ್ಲಿ ಕಸ ಸುಟ್ಟ ಹಾಗಲ್ಲ, ಅರಣ್ಯಕ್ಕೆ ಬೆಂಕಿ ಇಟ್ಟ ಹಾಗಾಗುತ್ತದೆ. ಇಂಥದೇ ಅನುಭೋಗದ ಜಾಗಗಳಾದ ದಕ್ಷಿಣ ಕನ್ನಡದ ಕುಮ್ಕಿ ಜಮೀನಿನವರೂ ಕೊಡಗಿನ ಬಾಣೆಯವರೂ ತಮ್ಮ ದಾಖಲೆಯನ್ನು ಇದೇ ದೃಷ್ಟಿಯಿಂದ ಒಮ್ಮೆ ತೆರೆದು ನೋಡುವುದು ಒಳ್ಳೆಯದು.

ನನ್ನ ವೈಯಕ್ತಿಕ ಅಭಿಪ್ರಾಯ ಕೇಳಿದರೆ, ಅಡಿಕೆ ಬೆಳೆಗಾರರು ದರಕು ಸುಡುವುದೆಂದರೆ ಗೊಬ್ಬರಕ್ಕೇ ಬೆಂಕಿ ಇಟ್ಟ ಹಾಗೆ. ಕೊಟ್ಟಿಗೆಗೆ ಹಾಸಲು ಸಾಲದೆ ನಾವು ಇಲ್ಲಿ ಗಾಡಿಗಟ್ಟಲೆ ತರಿಸುತ್ತೇವೆ. ಪ್ರಶ್ನೆ ಕೇಳಿದವರು ಯುಪಟೋರಿಯಂ ಸೊಪ್ಪನ್ನು ಹೂ ಬಿಡುವ ಮೊದಲೇ ಕಡಿದು ಮರದ ಬುಡಕ್ಕೆ ಹಾಕಿದ್ದರೆ ಈ ಪ್ರಶ್ನೆಯೇ ಬರುತ್ತಿರಲಿಲ್ಲ.

ತೋಟದಂಚು, ಹೊಸನಗರ ತಾಲ್ಲೂಕು

ಹೆಚ್ಚಿನ ಭಾಗ ಹಾಗೆಯೇ ಮಾಡಿದ್ದೇವೆ. ಈಗ ಉಳಿದಿರುವುದು ಮುಳ್ಳಿನ ಲಂಟಾನ ಮತ್ತು ದಪ್ಪ ಕಾಂಡಗಳು ಮಾತ್ರ. ಅವು ಬೇಗ ಕೊಳೆಯುವುದಿಲ್ಲ, ಕೆಲಸದವರ ಕಾಲಿಗೆ ಚುಚ್ಚುತ್ತವೆ, ಗಿಡ ನೆಡಲು ಗುಂಡಿ ತೆಗೆಯುವವರು ಒಪ್ಪುವುದಿಲ್ಲ.

ಮಲ್ಲಿಗೆ ಹಿತ್ತಲು, ಉಡುಪಿ ಜಿಲ್ಲೆ

ನಮ್ಮ ಕಡೆ ಇದಕ್ಕೆ ಸುಡುಮಣ್ಣಿನ ಪದ್ಧತಿ ಇದೆ. ಒಣಗಿದ ಪೊದೆ, ತರಗೆಲೆ, ತೆಂಗಿನ ಸಿಪ್ಪೆಗಳನ್ನು ಒತ್ತಾಗಿ ಹಾಕಿ, ಮೇಲೆ ಮಣ್ಣು ಮುಚ್ಚಿ, ಬುಡದಲ್ಲಿ ಸಣ್ಣ ಬಾಯಿ ಬಿಟ್ಟು ಅಲ್ಲಿಂದ ಕಿಚ್ಚು ಕೊಡುತ್ತಾರೆ. ಉರಿ ಏಳುವುದಿಲ್ಲ, ಒಳಗೊಳಗೇ ದಿನಗಟ್ಟಲೆ ಕೊರಗಿ ಮಣ್ಣು ಬೂದಿ ಮಿಶ್ರಿತವಾಗಿ ಪುಡಿಯಾಗುತ್ತದೆ. ಮಲ್ಲಿಗೆಯ ಬುಡಕ್ಕೂ ತರಕಾರಿಗೂ ಅದನ್ನು ಹಾಕುತ್ತೇವೆ. ಉರಿ ಕಾಣದ ಕಾರಣ ಇದು ಸುರಕ್ಷಿತ ಎಂಬ ನಂಬಿಕೆ ನಮ್ಮಲ್ಲಿದೆ. ಆದರೆ ಹೊಗೆ ಮಾತ್ರ ಮೂರು ಮನೆಗಳಾಚೆಗೂ ಹೋಗುತ್ತದೆ ಎಂಬುದನ್ನು ಒಪ್ಪಿಕೊಳ್ಳಬೇಕು. ಮನೆಗಳು ಹತ್ತಿರವಾಗಿರುವ ಕಡೆ ಇತ್ತೀಚೆಗೆ ನಾವೂ ಕಡಿಮೆ ಮಾಡಿದ್ದೇವೆ.

ಖಾಕಿ ಬಿಚ್ಚಿದವನು

ನಾನು ಅರಣ್ಯ ಇಲಾಖೆಯಲ್ಲಿ ಸೇವೆ ಸಲ್ಲಿಸಿ ನಿವೃತ್ತನಾದವನು. ಇಲಾಖೆಯ ಪರವಾಗಿ ಅಲ್ಲ, ನನ್ನ ಅನುಭವದಿಂದ ಹೇಳುತ್ತೇನೆ.

ಸಂಜೆ ಬೆಂಕಿ ಕೊಡೋಣ ಎಂದ ನಿಮ್ಮ ಕೆಲಸದವರ ಮಾತನ್ನು ದಯವಿಟ್ಟು ಕೇಳಬೇಡಿ. ಸಂಜೆ ತಂಪು, ಇಬ್ಬನಿ ಬೀಳುತ್ತದೆ ಎಂಬುದು ಅವರ ಲೆಕ್ಕ. ಆದರೆ ಸಂಜೆ ಹಚ್ಚಿದ ಬೆಂಕಿಯ ಕೊನೆಯ ಕೆಂಡವನ್ನು ಯಾರೂ ಕತ್ತಲೆಯಲ್ಲಿ ನಿಂತು ನೋಡುವುದಿಲ್ಲ. ಲಂಟಾನದ ಗುಡ್ಡೆ ಮೇಲೆ ಬೂದಿಯಾಗಿ ಕಂಡರೂ ಅಡಿಯಲ್ಲಿರುವ ದಪ್ಪ ಬುಡ ಮರುದಿನ ಮಧ್ಯಾಹ್ನದವರೆಗೂ ಕೊರಗುತ್ತಲೇ ಇರುತ್ತದೆ. ಹನ್ನೊಂದು ಗಂಟೆಯ ಮೇಲೆ ಬಿಸಿಲೇರಿ ಗಾಳಿ ಎದ್ದಾಗ ಬೂದಿ ಹಾರಿ ಆ ಕೆಂಡ ಬಾಯಿ ತೆರೆಯುತ್ತದೆ. ಬೆಂಕಿ ಬಿದ್ದ ಕಾಡಿನಲ್ಲಿ ನಾವು ಜಾಡು ಹಿಡಿದು ಹಿಂದಕ್ಕೆ ನಡೆದಾಗ, ಹಿಂದಿನ ದಿನ ಆರಿತ್ತು ಸಾರ್ ಎಂದು ಮಾಲೀಕರು ಪ್ರಾಮಾಣಿಕವಾಗಿಯೇ ಹೇಳುತ್ತಿದ್ದ ಗುಡ್ಡೆಯ ಬಳಿಗೆ ತಲುಪುತ್ತಿದ್ದೆವು.

ನಿಮ್ಮ ಜಾಗದಲ್ಲಿ ಕಾಡು ಮೇಲುಗಡೆ ಇದೆ ಎಂದಿರಿ. ಬೆಂಕಿ ಏರಿನ ಕಡೆಗೆ ಓಡುತ್ತದೆ, ಏಕೆಂದರೆ ಉರಿ ಮೇಲಿನ ಹುಲ್ಲನ್ನು ಮುಟ್ಟುವ ಮೊದಲೇ ಅದರ ಕಾವು ಆ ಹುಲ್ಲನ್ನು ಒಣಗಿಸಿಬಿಡುತ್ತದೆ. ಅಗಳ ಆನೆಗೆ, ದನಕ್ಕೆ, ಒತ್ತುವರಿಗೆ ತೋಡಿದ್ದು, ಬೆಂಕಿಗೆ ಅಲ್ಲ. ಅದರೊಳಗೆ ತುಂಬಿರುವ ತರಗೆಲೆಯೇ ಬೆಂಕಿಯನ್ನು ಆಚೆ ದಡಕ್ಕೆ ದಾಟಿಸುತ್ತದೆ. ಹಾಗಾಗಿ ಮೇಲುಗಡೆಯ ಗುಡ್ಡೆಗಳನ್ನು ಮೊದಲು ಕೆಳಕ್ಕೆ, ಜಮೀನಿನ ನಡುಮಧ್ಯಕ್ಕೆ ತರಿಸಿ, ಒಂದೊಂದನ್ನೂ ಸಣ್ಣದು ಮಾಡಿ. ಪ್ರತಿ ಗುಡ್ಡೆಯ ಸುತ್ತ ಮಣ್ಣು ಕಾಣುವಂತೆ ಕೆರೆಸಿ, ಮೇಲಿನ ಗಡಿಯುದ್ದಕ್ಕೂ ಅಗಲವಾದ ಬೆಂಕಿ ರೇಖೆ (ಬೆಂಕಿ ದಾಟದಂತೆ ಹುಲ್ಲು, ಕಸ ತೆಗೆದ ಪಟ್ಟಿ) ಹೊಡೆಸಿ. ಬೆಳಗ್ಗೆ ಇಬ್ಬನಿ ಆರುವ ಮುನ್ನ ಒಂದು ಗುಡ್ಡೆಗೆ ಕೊಡಿ, ಅದು ಕುಸಿದ ಮೇಲೆ ಇನ್ನೊಂದಕ್ಕೆ. ತೋಟಕ್ಕೆ ಬೋರ್ಡೋ ದ್ರಾವಣ ಹೊಡೆಯುವ ಪಂಪನ್ನು ನೀರು ತುಂಬಿಸಿ ಅಲ್ಲೇ ಇಟ್ಟುಕೊಳ್ಳಿ. ಹಸಿ ಸೊಪ್ಪಿನ ಟೊಂಗೆ ಹಿಡಿದ ಇಬ್ಬರು ಮೇಲಿನ ಬದಿಯಲ್ಲಿ ನಿಂತಿರಲಿ. ವಿದ್ಯುತ್ ತಂತಿಯ ಕೆಳಗೆ ಗುಡ್ಡೆ ಇದ್ದರೆ ಅದನ್ನು ಮುಟ್ಟಬೇಡಿ. ಮಧ್ಯಾಹ್ನಕ್ಕೆ ಮುಂಚೆ ಎಲ್ಲವನ್ನೂ ನಿಲ್ಲಿಸಿ, ನೀರು ಹಾಕಿ, ಕೆದಕಿ, ಮತ್ತೆ ನೀರು ಹಾಕಿ, ಅಂಗೈಯ ಹಿಂಭಾಗವನ್ನು ಬೂದಿಯ ಹತ್ತಿರ ಹಿಡಿದು ಕಾವು ನೋಡಿ. ಮರುದಿನವೂ ಒಬ್ಬರು ಹೋಗಿ ನೋಡಬೇಕು.

ಗುಟ್ಟಾಗಿ ಮಾಡಿಬಿಡೋಣ ಎನ್ನುವವರಿಗೆ ಒಂದು ಮಾತು. ಈಗ ಬೆಂಕಿ ಕಂಡರೆ ಹೇಳುವುದಕ್ಕೆ ಊರಿನವರೇ ಬೇಕಾಗಿಲ್ಲ. ಭಾರತೀಯ ಅರಣ್ಯ ಸರ್ವೇಕ್ಷಣ ಸಂಸ್ಥೆ ಉಪಗ್ರಹಗಳು ಗುರುತಿಸಿದ ಕಾವಿನ ಬಿಂದುಗಳನ್ನು ಇಲಾಖೆಗೆ ಕಳುಹಿಸುತ್ತದೆ, ಅದು ಸಿಬ್ಬಂದಿಯ ಮೊಬೈಲಿಗೆ ಬರುತ್ತದೆ. ವೀರ್ಸ್ ಎಂಬ ಸಂವೇದಕದ ಒಂದು ಚುಕ್ಕೆ 375 ಮೀಟರಿನದು, ಹಳೆಯ ಮೋಡಿಸ್‌ನದು 1 ಕಿಲೋಮೀಟರ್. ಅಂದರೆ ಉರಿದದ್ದು ನಿಮ್ಮ ಗುಡ್ಡೆಯೋ ಪಕ್ಕದ ಕಾಡೋ ಎಂಬುದು ಆ ಚುಕ್ಕೆಯಿಂದ ಗೊತ್ತಾಗುವುದಿಲ್ಲ, ಗೊತ್ತುಮಾಡಿಕೊಳ್ಳಲು ಬೆಂಕಿ ಕಾವಲಿನ ವಾಚರ್ ಬಿಸಿಲಿನಲ್ಲಿ ಗುಡ್ಡ ಹತ್ತಿ ಬರಬೇಕು. ಮುಂಚೆಯೇ ಒಂದು ಮಾತು ತಿಳಿಸಿದ್ದರೆ ಆ ಹುಡುಗ ಇನ್ನೊಂದು ಕಡೆಯ ನಿಜವಾದ ಬೆಂಕಿಗೆ ಹೋಗಬಹುದಿತ್ತು. 2017ರ ಫೆಬ್ರವರಿಯಲ್ಲಿ ಬಂಡೀಪುರದಲ್ಲಿ ಬೆಂಕಿ ಆರಿಸಲು ಹೋದ ನಮ್ಮ ಅರಣ್ಯ ರಕ್ಷಕರೊಬ್ಬರು ಹಿಂತಿರುಗಲಿಲ್ಲ. ಆ ಇಲಾಖೆಯಲ್ಲಿ ದುಡಿದವರು ಜನವರಿ ಬಂತೆಂದರೆ ಅದನ್ನು ನೆನೆಯದೆ ಇರುವುದಿಲ್ಲ.

ಕೊನೆಯದಾಗಿ, ಲಂಟಾನದ ಬುಡ ಕೀಳಿಸದೆ ಮೇಲಿನದನ್ನಷ್ಟೇ ಸುಟ್ಟರೆ ಮೊದಲ ಮಳೆಗೆ ಮತ್ತೆ ಚಿಗುರುತ್ತದೆ.

ಫಾಲ್ಸಂ ಕನ್ನಡಿಗ, ಕ್ಯಾಲಿಫೋರ್ನಿಯಾ

ಖಾಕಿಯವರು ಹೇಳಿದ ಬಹುಪಾಲು ಇಲ್ಲಿ ಪರವಾನಗಿಯ ಷರತ್ತಾಗಿಯೇ ಅಚ್ಚಾಗಿದೆ ಎಂಬುದನ್ನು ಓದಿ ಆಶ್ಚರ್ಯವಾಯಿತು. ನಾವಿರುವ ಸಿಯೆರಾ ತಪ್ಪಲಿನಲ್ಲಿ ಸ್ವಂತ ಜಾಗದಲ್ಲಿ ಒಣ ಪೊದೆ ಸುಡಲು ಕ್ಯಾಲ್ ಫೈರ್ ಎಂಬ ರಾಜ್ಯದ ಅಗ್ನಿಶಾಮಕ ಇಲಾಖೆಯ ಪರವಾನಗಿಯನ್ನು ಅಂತರಜಾಲದಲ್ಲೇ ಪಡೆಯಬಹುದು. ಗುಡ್ಡೆಯ ಅಗಲ, ಎತ್ತರ 4 ಅಡಿ ಮೀರಬಾರದು, ಸುತ್ತ 10 ಅಡಿ ಬರಿಯ ಮಣ್ಣು ಕಾಣುವಂತೆ ಕೆರೆಯಬೇಕು, ನೀರು ಕೈಗೆ ಸಿಗುವಂತಿರಬೇಕು, ಗುದ್ದಲಿ ಹಿಡಿದ ದೊಡ್ಡವರೊಬ್ಬರು ಬೆಂಕಿ ಪೂರ್ತಿ ಆರುವವರೆಗೂ ಅಲ್ಲಿಂದ ಕದಲಬಾರದು. ಒಣಗಿದ ಗಿಡಗಂಟಿ ಬಿಟ್ಟು ಬೇರೇನನ್ನೂ ಹಾಕುವಂತಿಲ್ಲ. ಪರವಾನಗಿ ಕೈಯಲ್ಲಿದ್ದರೂ ಅದೇ ದಿನ ಸುಡಬಹುದೇ ಎಂಬುದನ್ನು ವಾಯು ಗುಣಮಟ್ಟದ ಜಿಲ್ಲಾ ಕಚೇರಿಯ ಸಂಖ್ಯೆಗೆ ಕರೆ ಮಾಡಿ ಕೇಳಬೇಕು. ಬೇಡ ಎಂದ ದಿನ ಬೇಡ. ಬೇಸಿಗೆ ಬಿಸಿಯೇರಿದ ಮೇಲೆ ಪರವಾನಗಿಗಳನ್ನೇ ತಡೆಹಿಡಿಯುತ್ತಾರೆ. ಕಾಗದಪತ್ರ ಸುಲಭವಾಗಿದೆ ಎಂಬ ಕಾರಣಕ್ಕೇ ಜನ ಪಾಲಿಸುತ್ತಾರೆ ಎಂದು ನನಗೆ ಅನಿಸುತ್ತದೆ.

ದರಕು, ಶಿರಸಿ

ಅಷ್ಟೆಲ್ಲ ನಿಯಮವಿದ್ದೂ ಅಲ್ಲಿ ಊರಿಗೆ ಊರೇ ಸುಡುವ ಸುದ್ದಿಯನ್ನು ನಾವು ಓದುತ್ತಲೇ ಇರುತ್ತೇವಲ್ಲ. ಆದರೂ ಗಾಳಿ ನೋಡಿ ಇವತ್ತು ಬೇಡ ಎಂದು ಹೇಳುವ ಒಂದು ದೂರವಾಣಿ ಸಂಖ್ಯೆ ತಾಲ್ಲೂಕಿಗೊಂದು ಇದ್ದರೆ ನಮಗೂ ಉಪಕಾರವಾದೀತು.

ಕಾಫಿಕಣ, ಸೋಮವಾರಪೇಟೆ ಕಡೆ

ಇದೇ ಎಳೆಯಲ್ಲಿ ನನ್ನದೂ ಒಂದು ಪ್ರಶ್ನೆ ಇದೆ. ನಮ್ಮದು ಸಣ್ಣ ಹೋಂಸ್ಟೇ. ಬರುವ ಅತಿಥಿಗಳೆಲ್ಲರೂ ಕ್ಯಾಂಪ್ ಫೈರ್ ಬೇಕೆಂದು ಕೇಳುತ್ತಾರೆ. ಸೌದೆ ನಮ್ಮ ತೋಟದ ಸಿಲ್ವರ್ ಓಕ್ ಮರದ್ದೇ. ಇದಕ್ಕೂ ಇವೆಲ್ಲ ಅನ್ವಯಿಸುತ್ತವೆಯೇ?

ಕರಿಕೋಟು, ಶಿವಮೊಗ್ಗ

ಸೌದೆ ತ್ಯಾಜ್ಯವಲ್ಲವಾದ್ದರಿಂದ ಹಸಿರು ನ್ಯಾಯಮಂಡಳಿಯ ಆದೇಶವನ್ನು ಅದಕ್ಕೆ ಎಳೆದು ತರುವುದು ಕಷ್ಟ. ಆದರೆ ನಿರ್ಲಕ್ಷ್ಯದ 287 ಅನ್ವಯಿಸುತ್ತದೆ, ಪಕ್ಕದಲ್ಲಿ ಕಾಡಿದ್ದರೆ ಅರಣ್ಯ ಅಧಿನಿಯಮವೂ ಅನ್ವಯಿಸುತ್ತದೆ. ಹಣ ಪಡೆದು ಅತಿಥಿಗಳನ್ನು ಕೂರಿಸಿರುವುದರಿಂದ ನಿಮ್ಮ ಮೇಲಿನ ಹೊಣೆ ಮನೆಯವರ ಮುಂದೆ ಬೆಂಕಿ ಕಾಯಿಸುವವರಿಗಿಂತ ಹೆಚ್ಚು. ಕುಡಿದ ಅತಿಥಿಗಳ ಕೈಗೆ ಸೀಮೆಎಣ್ಣೆ ಡಬ್ಬಿ ಕೊಡಬೇಡಿ ಎಂಬುದು ಕಾನೂನಿನ ಸಲಹೆಯಲ್ಲ, ಆದರೂ ಹೇಳುತ್ತೇನೆ.

ಖಾಕಿ ಬಿಚ್ಚಿದವನು

ಕಲ್ಲು ಕಟ್ಟಿದ ಗುಂಡಿಯಲ್ಲಿ, ಮೇಲೆ ಮರದ ಕೊಂಬೆ ಇಲ್ಲದ ಅಂಗಳದಲ್ಲಿ ಮಾಡಿ. ಫೆಬ್ರವರಿಯಿಂದ ಮಳೆ ಬರುವವರೆಗೆ ಬಿಟ್ಟೇಬಿಡಿ.

ತೋಟದಂಚು, ಹೊಸನಗರ ತಾಲ್ಲೂಕು

ಎಲ್ಲರಿಗೂ ಕೃತಜ್ಞತೆಗಳು. ಇಷ್ಟು ತೀರ್ಮಾನಿಸಿದ್ದೇವೆ. ಮೇಲಿನ ಅಂಚಿನ ಗುಡ್ಡೆಗಳನ್ನು ಸುಡುವುದಿಲ್ಲ, ಅವನ್ನು ಕೆಳಗೆ ತರಿಸಿ ಇಳಿಜಾರಿಗೆ ಅಡ್ಡಲಾಗಿ ಒಡ್ಡಿನಂತೆ ಹಾಕಿಸುತ್ತೇವೆ, ಮಣ್ಣು ಕೊಚ್ಚಿಹೋಗದಂತೆ ತಡೆಯಲು ಅನುಕೂಲವಾಗಬಹುದು. ಬುಡಗಳನ್ನು ಕೀಳಿಸಿ ಅಡಿಕೆ ಬೇಯಿಸುವ ಒಲೆಗೆ ಇಟ್ಟುಕೊಳ್ಳುತ್ತೇವೆ. ನಡುವೆ ಉಳಿಯುವ ಮುಳ್ಳಿನ ರಾಶಿಯನ್ನು ಮಾತ್ರ ಖಾಕಿಯವರು ಹೇಳಿದ ರೀತಿಯಲ್ಲಿ ಬೆಳಗಿನ ಹೊತ್ತು ಸುಡಿಸುವ ಯೋಚನೆ. ವಲಯ ಅರಣ್ಯಾಧಿಕಾರಿಗಳಿಗೆ ಪತ್ರ ಬರೆಯುತ್ತೇನೆ. ಅದರಲ್ಲಿ ಅನುಮತಿ ಕೋರಬೇಕೇ, ಮಾಹಿತಿ ನೀಡಿದರೆ ಸಾಕೇ?

ಕರಿಕೋಟು, ಶಿವಮೊಗ್ಗ

ಎರಡನ್ನೂ ಬರೆಯಿರಿ. ಸರ್ವೆ ನಂಬರು, ಚೆಕ್ಕುಬಂದಿ, ಸುಡುವ ವಸ್ತು, ದಿನಾಂಕ, ಸಮಯ, ಸ್ಥಳದಲ್ಲಿ ಇರುವವರ ಹೆಸರು ಮತ್ತು ಮೊಬೈಲ್ ಸಂಖ್ಯೆ, ಕೈಗೊಂಡ ಮುನ್ನೆಚ್ಚರಿಕೆ ಇವೆಲ್ಲವೂ ಇರಲಿ. ಆಕ್ಷೇಪಣೆ ಇದ್ದರೆ ಅಥವಾ ಷರತ್ತುಗಳಿದ್ದರೆ ಲಿಖಿತವಾಗಿ ತಿಳಿಸಬೇಕೆಂದು ಕೋರಿ. ಪಹಣಿ ಮತ್ತು ನಕ್ಷೆಯ ಪ್ರತಿ ಲಗತ್ತಿಸಿ. ಇನ್ನೊಂದು ಪ್ರತಿಯ ಮೇಲೆ ಕಚೇರಿಯ ಮೊಹರು, ದಿನಾಂಕ ಹಾಕಿಸಿಕೊಳ್ಳಿ, ಅದೇ ಪತ್ರದ ಪ್ರತಿಯನ್ನು ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗಳಿಗೂ ಕೊಡಿ. ಬೇಡ ಎಂದು ಉತ್ತರ ಬಂದರೆ ಬೇಡ. ಉತ್ತರವೇ ಬರದಿದ್ದರೆ ಅದನ್ನು ಒಪ್ಪಿಗೆ ಎಂದು ಭಾವಿಸದೆ, ಖುದ್ದಾಗಿ ಹೋಗಿ ಕೇಳಿ. ಪತ್ರ ಕೊಟ್ಟ ಮಾತ್ರಕ್ಕೆ ಹೊಣೆ ಇಳಿಯುವುದಿಲ್ಲ, ಆದರೆ ನಿರ್ಲಕ್ಷ್ಯ ಎಂಬ ಆರೋಪಕ್ಕೆ ಉತ್ತರ ಕೊಡಲು ಅದು ಬೇಕಾಗುತ್ತದೆ.

ಹಳೇ ಶ್ಯಾನುಭೋಗ

ಪತ್ರದ ಪ್ರತಿಯನ್ನು ಪಕ್ಕದ ಜಮೀನಿನವರಿಗೂ ಕೊಟ್ಟು ಸಹಿ ಮಾಡಿಸಿಕೊಳ್ಳಿ. ಸಹಿ ಹಾಕಿದವರು ಆ ದಿನ ಬಂದು ನಿಲ್ಲುತ್ತಾರೆ ಎಂಬುದೂ ಒಂದು ಲಾಭ.

ಖಾಕಿ ಬಿಚ್ಚಿದವನು

ಭಾನುವಾರ ಮತ್ತು ಊರಿನ ಜಾತ್ರೆಯ ದಿನ ಇಟ್ಟುಕೊಳ್ಳಬೇಡಿ, ಕರೆದರೆ ಬರುವವರು ಇರುವುದಿಲ್ಲ. ಹಿಂದಿನ ಸಂಜೆಯೇ ನಿಮ್ಮ ಬೀಟಿನ ಗಾರ್ಡ್‌ಗೂ ಬೇಸಿಗೆಗೆಂದು ನೇಮಿಸಿರುವ ಫೈರ್ ವಾಚರ್‌ಗೂ ಫೋನ್ ಮಾಡಿ, ಅವರ ಸಂಖ್ಯೆ ವಲಯ ಕಚೇರಿಯಲ್ಲಿ ಸಿಗುತ್ತದೆ. ಕೈ ಮೀರುವಂತೆ ಕಂಡರೆ ಮೊದಲು 112ಕ್ಕೆ, ಕಾಡಿನ ಕಡೆ ತಿರುಗಿದರೆ ಅರಣ್ಯ ಸಹಾಯವಾಣಿ 1926ಕ್ಕೂ ಕರೆ ಮಾಡಿ. ನಿಮ್ಮ ಗುಡ್ಡದ ಮೇಲೆ ನೆಟ್‌ವರ್ಕ್ ಎಲ್ಲಿ ಸಿಗುತ್ತದೆ ಎಂಬುದನ್ನು ಬೆಂಕಿ ಹಚ್ಚುವ ಮುಂಚೆಯೇ ನೋಡಿಟ್ಟುಕೊಳ್ಳಿ.

ತೋಟದಂಚು, ಹೊಸನಗರ ತಾಲ್ಲೂಕು

ನೆಟ್‌ವರ್ಕ್ ಸಿಗುವುದು ತೋಟದ ಕೆಳಗಿನ ಕೆರೆ ಏರಿಯ ಮೇಲೆ ಮಾತ್ರ. ಅಲ್ಲಿ ಒಬ್ಬರನ್ನು ನಿಲ್ಲಿಸುತ್ತೇನೆ. ಸೋಮವಾರ ವಲಯ ಕಚೇರಿಗೆ ಹೋಗಿ ಬಂದು, ಅವರು ಹಾಕಿದ ಷರತ್ತುಗಳನ್ನು ಇಲ್ಲಿ ತಿಳಿಸುತ್ತೇನೆ.